ಬೆಕ್ಕಿನ ಆಟಿಕೆಯ ಮೋಟರ್ ಸದ್ದು ಇಳಿಸಿದ ಕೆಲಸ

ಆಟಿಕೆ ಸರಳವಾದದ್ದು. ಗುಂಡಗಿನ ಪ್ಲಾಸ್ಟಿಕ್ ಡಬ್ಬ, ಅದರ ನಡುವೆ ಹಳದಿ ಬಣ್ಣದ ಗೇರ್ ಮೋಟರ್, ಮೋಟರಿನ ಶಾಫ್ಟಿಗೆ ಬಾಗುವ ತಂತಿ, ತಂತಿಯ ತುದಿಗೆ ಗರಿ. ಮೇಲೆ ಅಗಲವಾದ ತೆಳು ಬಟ್ಟೆ. ಮೋಟರ್ ತಿರುಗಿದಾಗ ಗರಿ ಬಟ್ಟೆಯ ಅಡಿಯಲ್ಲಿ ಸರಸರ ಓಡುತ್ತದೆ, ಆಗಾಗ ಅಂಚಿನಿಂದ ಇಣುಕುತ್ತದೆ. ಮೋಟರ್ ಅಂದರೆ ಪುಟ್ಟ ರೋಬೋ ಕಾರುಗಳಿಗೆ ಹಾಕುತ್ತಾರಲ್ಲ, ಆ ಟಿಟಿ ಮೋಟರ್. 1:48 ಗೇರ್ ಇರುವುದು, ಅಂದರೆ ಒಳಗೆ 48 ಸುತ್ತು ತಿರುಗಿದರೆ ಹೊರಗೆ ಒಂದು ಸುತ್ತು. ಮನೆಯಲ್ಲಿ ಏನಾದರೂ ತಿರುಗಿಸಬೇಕು ಅಂದಾಗ ಮೊದಲು ಕೈಗೆ ಸಿಗುವುದು ಇದೇ, ಅಲ್ವಾ?

ತೊಂದರೆ ಇದ್ದದ್ದು ಸದ್ದಿನಲ್ಲಿ. ಸ್ವಿಚ್ ಹಾಕಿದರೆ ನಮ್ಮ ಬೆಕ್ಕು ಕೆಂಚ ಕಿವಿ ಹಿಂದಕ್ಕೆ ಮಡಚಿ ದೂರ ಹೋಗಿ ಕೂರುತ್ತಿದ್ದ. ಸ್ವಿಚ್ ಆರಿಸಿ ಅದೇ ಗರಿಯನ್ನು ಬಟ್ಟೆಯ ಕೆಳಗೆ ಕೈಯಿಂದ ಎಳೆದಾಡಿದರೆ ಒಂದೇ ನೆಗೆತಕ್ಕೆ ಬಂದು ಬೀಳುತ್ತಿದ್ದ. ಅಂದರೆ ಗರಿ ಸರಿಯಿದೆ, ಬಟ್ಟೆ ಸರಿಯಿದೆ, ಓಟವೂ ಸರಿಯಿದೆ. ಬೆಕ್ಕನ್ನು ಓಡಿಸುತ್ತಿರುವುದು ಮೋಟರೇ. ನೀವೂ ಇಂಥದ್ದೇನಾದರೂ ಮಾಡಿದ್ದು ಬೆಕ್ಕು ಹತ್ತಿರ ಬರುತ್ತಿಲ್ಲ ಅಂದರೆ, ಮೊದಲು ಈ ಪರೀಕ್ಷೆ ಮಾಡಿ ನೋಡಿ. ಬೇಜಾರು ಗರಿಯ ಮೇಲೋ ಸದ್ದಿನ ಮೇಲೋ ಅನ್ನುವುದು ಆಗಲೇ ಗೊತ್ತಾಗುತ್ತದೆ.

ಯಾರ ಕಿವಿಗೆ ಸದ್ದು ಇಳಿಯಬೇಕು?

ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ನಮ್ಮ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ, ಅಂದರೆ ಸೆಕೆಂಡಿಗೆ 20,000 ಕಂಪನದವರೆಗೆ. ವಯಸ್ಸಾದ ಹಾಗೆ ಅದೂ ಕಡಿಮೆಯಾಗುತ್ತದೆ. ಬೆಕ್ಕಿಗೆ ಸುಮಾರು 48 ಹರ್ಟ್ಜ್‌ನಿಂದ 85,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ. ಇಲಿಗಳು ತಮ್ಮತಮ್ಮಲ್ಲೇ ಕೂಗಿಕೊಳ್ಳುವ ಸದ್ದು ಎಷ್ಟೋ ಸಲ 20,000 ಹರ್ಟ್ಜ್ ದಾಟಿರುತ್ತದೆ. ಅದನ್ನು ಹಿಡಿಯಬಲ್ಲ ಕಿವಿ ಬೆಕ್ಕಿನದು. ಹಾಗಾಗಿ "ನನಗೆ ಕೇಳಿಸುತ್ತಿಲ್ಲ, ಸಾಕು" ಅನ್ನುವ ಹಾಗಿಲ್ಲ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಉಪಾಯಗಳು ಸದ್ದನ್ನು ಇಳಿಸುವುದಿಲ್ಲ, ಮನುಷ್ಯರ ಕಿವಿ ದಾಟಿಸಿ ಮೇಲಕ್ಕೆ ಕಳಿಸುತ್ತವೆ ಅಷ್ಟೇ. ಬೆಕ್ಕಿನ ಆಟಿಕೆಗೆ ಅದು ಪರಿಹಾರವೇ ಅಲ್ಲ.

ಇನ್ನೊಂದು ಮಾತು. ಎಲ್ಲ ಸದ್ದನ್ನೂ ತೆಗೆಯಬಾರದು. ಗರಿ ಬಟ್ಟೆಗೆ ತಾಗಿ ಆಗುವ ಸರಪರ ಸದ್ದೇ ಬೆಕ್ಕನ್ನು ಎಳೆಯುವುದು. ಅದು ಉಳಿಯಬೇಕು, ಮೋಟರಿನದು ಹೋಗಬೇಕು.

ಸದ್ದು ಎಲ್ಲಿಂದ ಬರುತ್ತಿದೆ?

ಮೋಟರನ್ನು ಡಬ್ಬದಿಂದ ಬಿಚ್ಚಿ, ವೈರ್ ಹಾಗೇ ಇಟ್ಟುಕೊಂಡು, ಗಾಳಿಯಲ್ಲಿ ಎರಡು ಬೆರಳಲ್ಲಿ ಹಿಡಿದು ಓಡಿಸಿದೆ. ಸದ್ದು ಅರ್ಧಕ್ಕರ್ಧ ಬಿದ್ದ ಹಾಗೆ ಅನ್ನಿಸಿತು. ಅದನ್ನೇ ಖಾಲಿ ಡಬ್ಬಕ್ಕೆ ಒತ್ತಿ ಹಿಡಿದ ಕೂಡಲೇ ಗರಗರ ಅಂತ ದೊಡ್ಡದಾಯಿತು. ತಂಬೂರಿಯ ಬುರುಡೆ ತಂತಿಯ ಸದ್ದನ್ನು ಹಿಗ್ಗಿಸುತ್ತದಲ್ಲ, ಈ ತೆಳು ಡಬ್ಬವೂ ಅದೇ ಕೆಲಸ ಮಾಡುತ್ತಿತ್ತು. ಮೋಟರ್ ಚಿಕ್ಕದು, ತಾನಾಗಿ ಗಾಳಿಯನ್ನು ಅಲುಗಿಸುವ ಶಕ್ತಿ ಅದಕ್ಕೆ ಕಡಿಮೆ. ಅಗಲವಾದ ತೆಳು ಹಲಗೆ ಸಿಕ್ಕರೆ ಸಾಕು, ಅದನ್ನೇ ಅಲುಗಿಸಿ ದೊಡ್ಡ ಸದ್ದು ಮಾಡುತ್ತದೆ.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಬೇರೆ ಬೇರೆ ಜಾಗಕ್ಕೆ ತಾಗಿಸಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಕೇಳಿದೆ. ಮೆಕ್ಯಾನಿಕ್‌ಗಳು ಬೇರಿಂಗ್ ನೋಡುವುದು ಹೀಗೇ. ತಿರುಗುವ ಭಾಗದಿಂದ ಮಾತ್ರ ದೂರ ಇಡಿ. ಗೇರ್ ಪೆಟ್ಟಿಗೆಯ ಹತ್ತಿರ ಒರಟು ಸದ್ದು, ಮೋಟರಿನ ಹಿಂಬದಿಯಲ್ಲಿ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್ ಉಜ್ಜುವ ಸಣ್ಣ ಸದ್ದು. ಇವೆರಡರ ಮೇಲೆ ಒಂದು ಕಿರಿಕಿರಿಯ 'ಕೀಂ' ಬೇರೆ ಇತ್ತು. ಸ್ಪೀಡ್ ಇಳಿಸಿದರೂ ಅದರ ಸ್ಥಾಯಿ ಬದಲಾಗಲಿಲ್ಲ. ಸ್ಪೀಡ್ ಜೊತೆ ಬದಲಾಗದ ಸದ್ದು ಅಂದರೆ ಅದು ಗೇರಿನದಲ್ಲ, ಕರೆಂಟಿನದು. ಎರಡು ಸೆಲ್ಲುಗಳಿಂದ ನೇರವಾಗಿ 3 ವೋಲ್ಟ್ ಕೊಟ್ಟು ನೋಡಿದರೆ ಆ ಕೀಂ ಪೂರ್ತಿ ಮಾಯ, ಗರಗರ ಮಾತ್ರ ಉಳಿಯಿತು.

ಫೋನಿನಲ್ಲಿ ಸದ್ದಿನ ಪಟ್ಟಿ ತೋರಿಸುವ ಸ್ಪೆಕ್ಟ್ರಮ್ ಆ್ಯಪ್ ಇದ್ದರೆ ಇದು ಕಣ್ಣಿಗೇ ಕಾಣುತ್ತದೆ. ಫೋನು ಒಂದೇ ಜಾಗದಲ್ಲಿರಲಿ, ಆಟಿಕೆಯಿಂದ ಒಂದೇ ದೂರದಲ್ಲಿರಲಿ. ಅದು ತೋರಿಸುವ ಡೆಸಿಬೆಲ್ ಅಂಕಿ ನಿಖರವಲ್ಲ, ಆದರೆ ಮೊದಲು ಮತ್ತು ನಂತರ ಹೋಲಿಸಲು ಸಾಕು. ಒಂದು ಮಿತಿ ಮಾತ್ರ ಮರೆಯಬೇಡಿ. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆಯುತ್ತದೆ, ಹಾಗಾಗಿ 24,000 ಹರ್ಟ್ಜ್‌ಗಿಂತ ಮೇಲೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಬೆಕ್ಕಿಗೆ ಕೇಳುವುದರಲ್ಲಿ ಮುಕ್ಕಾಲು ಪಾಲು ಅದಕ್ಕೂ ಮೇಲಿದೆ. ಅಲ್ಲಿ ಬೆಕ್ಕಿನ ಕಿವಿಯೇ ಮೀಟರ್.

ಮೊದಲು ಡಬ್ಬ

ಕಡಿಮೆ ಕೆಲಸಕ್ಕೆ ಜಾಸ್ತಿ ಫಲ ಸಿಕ್ಕಿದ್ದು ಇಲ್ಲೇ. ಮೋಟರನ್ನು ಡಬ್ಬದ ತಳಕ್ಕೆ ನೇರವಾಗಿ ಸ್ಕ್ರೂ ಹಾಕಿ ಬಿಗಿದಿತ್ತು. ನಡುವೆ ಫೋಮ್ ಇಟ್ಟರೆ ಆಯಿತು ಅಂತ ಎಲ್ಲರೂ ಹೇಳುತ್ತಾರೆ. ಅದು ಅಷ್ಟು ಸುಲಭ ಅಲ್ಲ.

ರಬ್ಬರ್ ಅಥವಾ ಫೋಮಿನ ಮೇಲೆ ಕೂತ ವಸ್ತುವಿಗೆ ತನ್ನದೇ ಒಂದು ಸಹಜ ಕಂಪನ ಇರುತ್ತದೆ. ತಟ್ಟಿ ಬಿಟ್ಟರೆ ಅದು ಆ ವೇಗದಲ್ಲಿ ಅಲ್ಲಾಡುತ್ತದೆ. ಮೋಟರಿನ ನಡುಕ ಆ ವೇಗದ ಸುಮಾರು 1.4 ಪಟ್ಟು ದಾಟಿದ ಮೇಲೆಯೇ ಫೋಮ್ ತಡೆಯಲು ಶುರು ಮಾಡುವುದು. ಅದಕ್ಕಿಂತ ಕೆಳಗಿದ್ದರೆ ತಡೆಯುವುದಿರಲಿ, ಹೆಚ್ಚಿಸುತ್ತದೆ. ಆದ್ದರಿಂದ ಸಹಜ ಕಂಪನ ಎಷ್ಟು ನಿಧಾನ ಇದ್ದರೆ ಅಷ್ಟು ಒಳ್ಳೆಯದು. ನಿಧಾನ ಆಗಬೇಕಾದರೆ ಎರಡು ದಾರಿ. ಕೆಳಗಿನ ಫೋಮ್ ಮೆತ್ತಗಿರಬೇಕು, ಮೇಲಿನ ವಸ್ತು ಭಾರ ಇರಬೇಕು. ಟಿಟಿ ಮೋಟರ್ ಹಗುರ. ಗಟ್ಟಿ ರಬ್ಬರ್ ತುಂಡಿನ ಮೇಲೆ ಅದನ್ನು ಕೂರಿಸಿದರೆ ಏನೂ ಫಲ ಇಲ್ಲ. ಫೋಮ್ ಇಟ್ಟು ಸ್ಕ್ರೂವನ್ನು ಪೂರ್ತಿ ಬಿಗಿದರೂ ಅಷ್ಟೇ. ಫೋಮ್ ಅಪ್ಪಚ್ಚಿಯಾಗಿ ಗಟ್ಟಿಯಾಗುತ್ತದೆ, ಜೊತೆಗೆ ಸ್ಕ್ರೂವೇ ನಡುಕವನ್ನು ಸಾಗಿಸುವ ಸೇತುವೆ ಆಗುತ್ತದೆ.

ನಾನು ಮಾಡಿದ್ದು ಹೀಗೆ. ಅಂಗೈಯಷ್ಟು ಅಗಲದ ದಪ್ಪ ಕಬ್ಬಿಣದ ತಗಡು ತೆಗೆದುಕೊಂಡು ಮೋಟರನ್ನು ಅದಕ್ಕೆ ಗಟ್ಟಿಯಾಗಿ ಬಿಗಿದೆ. ಹೌದು, ಇಲ್ಲಿ ಗಟ್ಟಿಯಾಗಿಯೇ ಬಿಗಿಯಬೇಕು. ಈಗ ಮೋಟರು, ತಗಡು ಎರಡೂ ಸೇರಿ ಒಂದೇ ಭಾರದ ವಸ್ತು. ಆ ತಗಡಿನ ನಾಲ್ಕು ಮೂಲೆಗೆ ಮೆತ್ತನೆಯ ಫೋಮಿನ ಚೌಕ ತುಂಡುಗಳನ್ನು ಅಂಟಿಸಿ ಡಬ್ಬದ ತಳದಲ್ಲಿ ಕೂರಿಸಿದೆ. ಸ್ಕ್ರೂ ಇಲ್ಲವೇ ಇಲ್ಲ, ಅಂಟು ಮಾತ್ರ. ತಗಡು ಅಗಲ ಇರಬೇಕು. ಯಾಕೆಂದರೆ ಮೋಟರ್ ಒಂದು ದಿಕ್ಕಿಗೆ ತಿರುಗಿದಾಗ ಅದರ ಮೈ ಇನ್ನೊಂದು ದಿಕ್ಕಿಗೆ ತಿರುಗಲು ನೋಡುತ್ತದೆ. ಕಿರಿದಾದ ಫೋಮಿನ ಮೇಲಿದ್ದರೆ ವಾಲಾಡುತ್ತದೆ. ತಗಡಿನ ಮೇಲೆ ಕೈ ಇಟ್ಟು ಮೆಲ್ಲಗೆ ಅದುಮಿ ಬಿಡಿ. ಅದು ಸೋಮಾರಿಯಾಗಿ ಮೇಲೆದ್ದರೆ ಸರಿ. ಟಕ್ ಅಂತ ಎದ್ದರೆ ಫೋಮ್ ಇನ್ನೂ ಗಟ್ಟಿ ಇದೆ ಅಂತ ಅರ್ಥ.

ಇಷ್ಟಾದ ಮೇಲೂ ಉಳಿದ ಸದ್ದಿಗೆ ಕಾರಣ ವೈರುಗಳು. ಮೋಟರಿನ ದಪ್ಪ ವೈರುಗಳು ನೆಟ್ಟಗೆ ಎಳೆದುಕೊಂಡು ಡಬ್ಬದ ಗೋಡೆಗೆ ತಾಗುತ್ತಿದ್ದವು. ಫೋಮ್ ತಡೆದ ನಡುಕ ವೈರಿನ ದಾರಿಯಲ್ಲಿ ಆಚೆ ಹೋಗುತ್ತಿತ್ತು. ಸಣ್ಣ ಎಳೆಗಳ ಮೆತ್ತನೆಯ ವೈರ್ ಹಾಕಿ, ನಡುವೆ ಸಡಿಲವಾಗಿ ಒಂದು ಸುತ್ತು ಬಿಟ್ಟೆ. ವೈರನ್ನು ಹಿಡಿದಿದ್ದ ಹಾಟ್ ಗ್ಲೂ ಕೆರೆದು ತೆಗೆದೆ.

ಡಬ್ಬದ ಗೋಡೆಗೆ ಒಳಗಿನಿಂದ ಬ್ಯುಟೈಲ್ ರಬ್ಬರಿನ ಅಂಟುಪಟ್ಟಿ, ಅದರ ಮೇಲೆ ಫೆಲ್ಟ್ ಬಟ್ಟೆ. ಬ್ಯುಟೈಲ್ ಪಟ್ಟಿ ಗೋಡೆಗೆ ಭಾರ ಕೊಟ್ಟು ಅದರ ಅದುರು ಕಡಿಮೆ ಮಾಡುತ್ತದೆ. ಫೆಲ್ಟ್ ಗಾಳಿಯಲ್ಲಿ ಬರುವ ಸದ್ದನ್ನು ಹೀರುತ್ತದೆ. ಮೆತ್ತನೆಯ ವಸ್ತುಗಳು ಕೆಳಗಿನ ಗುಂಯ್‌ಗಿಂತ ಮೇಲಿನ ಸಣ್ಣ ಸದ್ದನ್ನೇ ಚೆನ್ನಾಗಿ ಹೀರುವುದು. ನಮಗೆ ಕೇಳದ, ಬೆಕ್ಕಿಗೆ ಕೇಳುವ ಭಾಗ ಅದೇ ಆದ್ದರಿಂದ ಫೆಲ್ಟ್ ಬಿಡಬೇಡಿ, ನಿಮ್ಮ ಕಿವಿಗೆ ವ್ಯತ್ಯಾಸ ಕಾಣದಿದ್ದರೂ ಹಾಕಿ. ಆದರೆ ಮೋಟರಿನ ಮೈಗೆ ಸುತ್ತಬೇಡಿ. ಅದಕ್ಕೆ ಗಾಳಿ ಬೇಕು, ಇಲ್ಲದಿದ್ದರೆ ಬಿಸಿಯಾಗುತ್ತದೆ. ಡಬ್ಬದ ಅಡಿಗೂ ಮೆತ್ತನೆಯ ಪಾದಗಳಿರಲಿ, ಇಲ್ಲವಾದರೆ ಮರದ ನೆಲವೇ ಹೊಸ ಬುರುಡೆಯಾಗುತ್ತದೆ.

ಗೇರ್ ಪೆಟ್ಟಿಗೆಯ ಒಳಗೆ

ಟಿಟಿ ಮೋಟರ್ ಬಿಚ್ಚುವುದು ಸುಲಭ. ಹಿಂಬದಿಯಲ್ಲಿ ಮೋಟರನ್ನು ಹಿಡಿದಿರುವ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಇದೆ, ಅದರ ಕಿವಿಗಳನ್ನು ಎತ್ತಿದರೆ ಕಳಚುತ್ತದೆ. ಪಕ್ಕದಲ್ಲಿ ಉದ್ದನೆಯ ಎರಡು ಸ್ಕ್ರೂ. ಅವನ್ನು ತೆಗೆದು ಮುಚ್ಚಳವನ್ನು ನಿಧಾನಕ್ಕೆ ಎತ್ತಿ. ಒಳಗಿನ ಗೇರುಗಳು ಒಂದರ ಮೇಲೊಂದು ಸಡಿಲವಾಗಿ ಕೂತಿರುತ್ತವೆ. ಎತ್ತುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ನನ್ನದರಲ್ಲಿ ಗೇರುಗಳು ಒಣಗಿಕೊಂಡಿದ್ದವು. ಗ್ರೀಸಿನ ಸುಳಿವೇ ಇಲ್ಲ. ಒಂದು ಗೇರಿನ ಹಲ್ಲಿನ ಅಂಚಿನಲ್ಲಿ ಅಚ್ಚಿನಿಂದ ಬಂದ ಪ್ಲಾಸ್ಟಿಕ್ಕಿನ ಸಣ್ಣ ಗೆರೆ ಎದ್ದಿತ್ತು, ಉಗುರಿಗೆ ತಾಕುವಷ್ಟು. ಆ ಹಲ್ಲು ಬಂದಾಗಲೆಲ್ಲ ಒಂದು ಟಿಕ್. ಚೂಪಾದ ಬ್ಲೇಡಿನ ತುದಿಯಿಂದ ಅದನ್ನು ಹೆರೆದೆ. ಗೇರುಗಳು ತಮ್ಮ ಕಡ್ಡಿಗಳ ಮೇಲೆ ಮೇಲೆ ಕೆಳಗೆ ಜಾರಾಡುತ್ತಿದ್ದವು. ಎಲ್ಲಕ್ಕಿಂತ ಜಾಸ್ತಿ ಆಡುತ್ತಿದ್ದ ಗೇರಿನ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿದ ವಾಷರ್ ಹಾಕಿದೆ. ಪೂರ್ತಿ ಬಿಗಿ ಮಾಡಬಾರದು, ಮುಚ್ಚಳ ಹಾಕಿದ ಮೇಲೆ ಕೂದಲೆಳೆಯಷ್ಟು ಆಟ ಇರಲೇಬೇಕು. ಬಿಗಿಯಾದರೆ ಮೋಟರ್ ಒದ್ದಾಡುತ್ತದೆ, ಸದ್ದು ಇನ್ನೂ ಜಾಸ್ತಿ.

ಗ್ರೀಸಿನ ಬಗ್ಗೆ ಸ್ವಲ್ಪ ಹೇಳಬೇಕು. ಸಿಲಿಕೋನ್ ಗ್ರೀಸ್ ಹಾಕಿ, ದಪ್ಪಗಿರುವುದನ್ನೇ ಆರಿಸಿ. ಕೈಗೆ ಸಿಕ್ಕ ಪೆಟ್ರೋಲಿಯಂ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಬೇಡ. ಅವು ಕೆಲವು ಪ್ಲಾಸ್ಟಿಕ್ಕುಗಳನ್ನು ಉಬ್ಬಿಸುತ್ತವೆ, ಬಿರುಕು ಬಿಡಿಸುತ್ತವೆ. ಗೇರ್ ಪೆಟ್ಟಿಗೆಯ ಹೊರ ಕವಚವೂ ಪ್ಲಾಸ್ಟಿಕ್ಕೇ ಅನ್ನುವುದು ನೆನಪಿರಲಿ. ದಪ್ಪ ಗ್ರೀಸ್ ಎರಡು ಕೆಲಸ ಮಾಡುತ್ತದೆ. ಉಜ್ಜಾಟ ಕಡಿಮೆ ಮಾಡುತ್ತದೆ, ಹಲ್ಲು ಹಲ್ಲಿಗೆ ಹೊಡೆಯುವ ಪೆಟ್ಟನ್ನೂ ಮೆತ್ತಗೆ ಮಾಡುತ್ತದೆ. ಬೆಕ್ಕಿನ ಕಿವಿಗೆ ಇದು ನಮಗಿಂತ ಮುಖ್ಯ. ಒಣ ಉಜ್ಜಾಟದಿಂದ ನಮಗೆ ಕೇಳದಷ್ಟು ಮೇಲಿನ ಸದ್ದೂ ಹುಟ್ಟುತ್ತದೆ. ಕಾರ್ಖಾನೆಗಳಲ್ಲಿ ಬೇರಿಂಗಿಗೆ ಗ್ರೀಸ್ ಬೇಕೋ ಬೇಡವೋ ಅಂತ ನೋಡಲು ಅಲ್ಟ್ರಾಸೌಂಡ್ ಹಿಡಿಯುವ ಉಪಕರಣ ಬಳಸುವುದು ಇದೇ ಕಾರಣಕ್ಕೆ. ನಮಗೆ ಉಪಕರಣ ಬೇಕು, ಬೆಕ್ಕಿಗೆ ಬೇಡ.

ಗ್ರೀಸ್ ಹೊರಗೆ ಸೋರಬಾರದು. ಬೆಕ್ಕು ಗರಿಗೆ, ತಂತಿಗೆ ಬಾಯಿ ಹಾಕುತ್ತದೆ, ಆಮೇಲೆ ಕಾಲು ನೆಕ್ಕಿಕೊಳ್ಳುತ್ತದೆ. ಹಲ್ಲುಗಳಿಗೆ ಮಾತ್ರ ತೆಳುವಾಗಿ ಸವರಿ, ಹೊರಬರುವ ಶಾಫ್ಟನ್ನು ಚೆನ್ನಾಗಿ ಒರೆಸಿದೆ.

ಜೋಡಿಸುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮೋಟರಿನ ಲೋಹದ ಮೈ ಆ ಪಾರದರ್ಶಕ ಪಟ್ಟಿಯ ಕೆಳಗೆ ಸಡಿಲವಾಗಿತ್ತು. ಬೆರಳಿಂದ ಅಲ್ಲಾಡಿಸಿದರೆ ಟಕಟಕ ಅನ್ನುತ್ತಿತ್ತು. ನಡುವೆ ಬಟ್ಟೆಯ ಟೇಪ್ ಒಂದು ಪದರ ಹಾಕಿ ಪಟ್ಟಿ ಕೂರಿಸಿದರೆ ಆ ಟಕಟಕ ನಿಂತಿತು.

ಇನ್ನು ಸ್ಪೀಡು. ಗೇರಿನ ಸದ್ದಿನ ಸ್ಥಾಯಿಗೆ ಲೆಕ್ಕ ಇದೆ. ಹೊರಗಿನ ಶಾಫ್ಟ್ ನಿಮಿಷಕ್ಕೆ 90 ಸುತ್ತು ತಿರುಗಿದರೆ ಒಳಗಿನ ಮೋಟರ್ 48 ಪಟ್ಟು, ಅಂದರೆ 4,320 ಸುತ್ತು. ಸೆಕೆಂಡಿಗೆ 72. ಮೋಟರಿನ ಪಿನಿಯನ್‌ಗೆ, ಅಂದರೆ ಅದರ ಶಾಫ್ಟಿನ ಪುಟ್ಟ ಗೇರಿಗೆ, 8 ಹಲ್ಲು ಅಂದುಕೊಂಡರೆ ಸೆಕೆಂಡಿಗೆ 576 ಸಲ ಹಲ್ಲಿಗೆ ಹಲ್ಲು ತಾಗುತ್ತದೆ. ಸ್ಪೆಕ್ಟ್ರಮ್‌ನಲ್ಲಿ 576 ಹರ್ಟ್ಜ್ ಹತ್ತಿರ ಗೆರೆ ಎದ್ದರೆ ಅದು ಇದೇ. ಸ್ಪೀಡನ್ನು ಅರ್ಧ ಮಾಡಿದರೆ 288ಕ್ಕೆ ಇಳಿಯುತ್ತದೆ, ಪೆಟ್ಟಿನ ಜೋರೂ ಕಡಿಮೆಯಾಗುತ್ತದೆ. ಗರಿಗೆ ಅಷ್ಟು ಸ್ಪೀಡ್ ಬೇಕಾಗಿಯೂ ಇಲ್ಲ. ಶಾಫ್ಟಿಗೆ ಕಟ್ಟಿದ ತಂತಿಯನ್ನು ಉದ್ದ ಮಾಡಿದರೆ ತುದಿಯ ಓಟ ಜಾಸ್ತಿಯಾಗುತ್ತದೆ. ಮೋಟರ್ ನಿಧಾನ, ಗರಿ ಚುರುಕು.

ಆ 'ಕೀಂ' ಸದ್ದು

ಆಟಿಕೆಯ ಮೋಟರನ್ನು ನಡೆಸುವುದು ಆರ್ಡುಯಿನೋ, ನಾವೇ ಪ್ರೋಗ್ರಾಂ ಬರೆದು ಹಾಕುವ ಪುಟ್ಟ ಬೋರ್ಡ್. ನಾನು ಸ್ಪೀಡ್ ಇಳಿಸಲು ಅದರ ಪಿಡಬ್ಲ್ಯೂಎಂ ಬಳಸುತ್ತಿದ್ದೆ. ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಕೊಟ್ಟು ತೆಗೆಯುವ ವಿಧಾನ ಅದು. ಆರ್ಡುಯಿನೋ ಊನೋದಲ್ಲಿ ಸುಮ್ನೆ ಹಾಗೇ ಬಿಟ್ಟರೆ ಹೆಚ್ಚಿನ ಪಿನ್ನುಗಳಲ್ಲಿ 490 ಹರ್ಟ್ಜ್, 5 ಮತ್ತು 6ನೇ ಪಿನ್ನಿನಲ್ಲಿ 980 ಹರ್ಟ್ಜ್. ಎರಡೂ ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಜಾಗ. ಸಾಲದ್ದಕ್ಕೆ ಪ್ರತಿ ಸಲ ಕರೆಂಟ್ ಏರಿ ಇಳಿದಾಗ ಮೋಟರಿನ ಎಳೆತವೂ ಏರಿಳಿಯುತ್ತದೆ, ಸಡಿಲವಾದ ಗೇರ್ ಹಲ್ಲುಗಳು ಹಿಂದೆ ಮುಂದೆ ಬಡಿಯುತ್ತವೆ.

ಎಲ್ಲ ಕಡೆ ಹೇಳುವ ಪರಿಹಾರ ಏನೆಂದರೆ, ಬೋರ್ಡಿನ ಒಳಗಿನ ಟೈಮರ್ 1ರ ಪ್ರಿಸ್ಕೇಲರನ್ನು (ಅದರ ವೇಗವನ್ನು ಭಾಗಿಸುವ ಸಂಖ್ಯೆ) 1 ಮಾಡಿ 9, 10ನೇ ಪಿನ್ನಿನ ಪಿಡಬ್ಲ್ಯೂಎಂ ಅನ್ನು ಸುಮಾರು 31,400 ಹರ್ಟ್ಜ್‌ಗೆ ಏರಿಸಿ ಅಂತ. ಮಾಡಿ ನೋಡಿದರೆ ನಿಜಕ್ಕೂ ನಿಶ್ಶಬ್ದ. ಫ್ಯಾನಿಗೆ, ರೋಬೋ ಕಾರಿಗೆ ಇದು ಒಳ್ಳೆಯ ಪರಿಹಾರ. ಆದರೆ 31,400 ಹರ್ಟ್ಜ್ ಬೆಕ್ಕಿಗೆ ಕೇಳುವ ವ್ಯಾಪ್ತಿಯ ನಡುವೆಯೇ ಬರುತ್ತದೆ. ನಾವು ಆರಾಮಾಗಿ ಕೂತಿರುತ್ತೇವೆ, ಆಟಿಕೆಯ ಪಕ್ಕ ಮೂಗಿಟ್ಟು ಕೂರಬೇಕಾದ ಪ್ರಾಣಿಗೆ ಆ ಕೀಂ ಕೇಳುತ್ತಲೇ ಇರಬಹುದು. ಟೈಮರ್ 0 ಅನ್ನು 62,500ಕ್ಕೆ ಏರಿಸಿದರೂ ಬೆಕ್ಕಿನ ವ್ಯಾಪ್ತಿ ದಾಟುವುದಿಲ್ಲ, ಜೊತೆಗೆ ಆರ್ಡುಯಿನೋದ ಸಮಯದ ಲೆಕ್ಕವೆಲ್ಲ ಕೆಡುತ್ತದೆ.

ಹಾಗಾಗಿ ಪಿಡಬ್ಲ್ಯೂಎಂ ಅನ್ನೇ ಬಿಟ್ಟೆ. ಅದರ ಬದಲು ವೋಲ್ಟೇಜ್ ಇಳಿಸುವ ಎಲ್‌ಎಂ2596 ಬಕ್ ಮಾಡ್ಯೂಲ್ ಹಾಕಿದೆ. ಅದೂ ಒಳಗೊಳಗೆ ಸ್ವಿಚ್ ಮಾಡುತ್ತದೆ, ಆದರೆ 1,50,000 ಹರ್ಟ್ಜ್‌ನಲ್ಲಿ. ಅದು ಬೆಕ್ಕಿನ ಕಿವಿಗೂ ಎಷ್ಟೋ ಮೇಲೆ. ಹೊರಗೆ ಬರುವುದು ಹೆಚ್ಚುಕಡಿಮೆ ನೇರ ಡಿಸಿ, ಅಂದರೆ ಸೆಲ್ಲಿನಿಂದ ಬರುವಂಥ ಏರಿಳಿತವಿಲ್ಲದ ಕರೆಂಟ್. ಮಾಡ್ಯೂಲಿನ ಪುಟ್ಟ ಸ್ಕ್ರೂ ತಿರುಗಿಸಿ, ಮಲ್ಟಿಮೀಟರ್ ನೋಡಿಕೊಂಡು ವೋಲ್ಟೇಜ್ ಇಳಿಸುತ್ತಾ ಬಂದೆ. ಒಂದು ಹಂತದಲ್ಲಿ ಮೋಟರ್ ತಿರುಗುತ್ತಿರುತ್ತದೆ, ಆದರೆ ನಿಲ್ಲಿಸಿ ಮತ್ತೆ ಸ್ವಿಚ್ ಹಾಕಿದರೆ ಹೊರಡುವುದಿಲ್ಲ. ನಿಂತ ಗೇರನ್ನು ಅಲುಗಿಸಲು ಓಡುವ ಗೇರಿಗಿಂತ ಜಾಸ್ತಿ ಬಲ ಬೇಕು. ಅದಕ್ಕಿಂತ ಸ್ವಲ್ಪ ಮೇಲೆ, ಪ್ರತಿ ಸಲವೂ ತಪ್ಪದೆ ಹೊರಡುವಲ್ಲಿ ನಿಲ್ಲಿಸಿದೆ.

ಆರ್ಡುಯಿನೋಗೆ ಈಗ ಸ್ಪೀಡಿನ ಕೆಲಸ ಇಲ್ಲ. ಬಿಡು, ನಿಲ್ಲು, ದಿಕ್ಕು ಬದಲಿಸು ಅಷ್ಟೇ. ಇದರಿಂದ ಆಟವೇ ಚೆನ್ನಾಯಿತು. ಒಂದೇ ಸಮ ಸುತ್ತುವ ಗರಿ ಬೆಕ್ಕಿಗೆ ಬೇಗ ಬೇಜಾರು. ಸ್ವಲ್ಪ ಓಡಿ, ತಟಸ್ಥವಾಗಿ, ಮತ್ತೆ ಫಕ್ಕನೆ ಓಡುವ ಗರಿಗೆ ಕೆಂಚ ಹಿಂಗಾಲು ಕುಣಿಸುತ್ತಾ ಹೊಂಚು ಹಾಕುತ್ತಾನೆ.

ಕೆಪಾಸಿಟರ್ ಬಗ್ಗೆಯೂ ಗೊಂದಲ ಇದೆ. ಮೋಟರಿನ ಎರಡು ತುದಿಗೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆದರೆ ಬ್ರಷ್ ಕಿಡಿಯಿಂದ ಬರುವ ವಿದ್ಯುತ್ ಗದ್ದಲ ಕಡಿಮೆಯಾಗುತ್ತದೆ, ಆರ್ಡುಯಿನೋ ತಾನಾಗಿ ರೀಸೆಟ್ ಆಗುವುದು ನಿಲ್ಲಬಹುದು. ಅದಕ್ಕಾಗಿ ಹಾಕಿ. ಕಿವಿಗೆ ಕೇಳುವ ಸದ್ದು ಅದರಿಂದ ಇಳಿಯುವುದಿಲ್ಲ.

ಬೇರೆ ಮೋಟರ್ ಹಾಕಬಹುದಿತ್ತಾ?

ಯೋಚಿಸಿದ್ದೆ. ಎಸ್‌ಜಿ90 ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್) ನಿಂತಲ್ಲೇ ನಿಂತು ಗುರ್ ಅನ್ನುತ್ತದೆ, ಜಾಗ ಹಿಡಿದಿಡಲು ಸದಾ ತಿದ್ದಿಕೊಳ್ಳುತ್ತಿರುತ್ತದೆ. ನಿಂತಾಗ ಸಿಗ್ನಲ್ ತೆಗೆದರೆ ಸುಮ್ಮನಾಗುತ್ತದೆ, ಆದರೆ ಓಡುವಾಗಿನ ಗೇರಿನ ಸದ್ದು ಇದ್ದೇ ಇದೆ. 28ಬಿವೈಜೆ-48 ಸ್ಟೆಪರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್, ನಿಧಾನಕ್ಕೆ ಓಡಿದರೆ ಮೆಲುದನಿ. ಹಾಫ್ ಸ್ಟೆಪ್‌ನಲ್ಲಿ, ಅರ್ಧರ್ಧ ಹೆಜ್ಜೆಯಾಗಿ, ಓಡಿಸಿದರೆ ಇನ್ನೂ ನುಣುಪು. ಆದರೆ ಬೆಕ್ಕು ಗರಿ ಹಿಡಿದು ಎಳೆದರೆ ಅದರ ಪುಟ್ಟ ಗೇರುಗಳ ಮೇಲೆ ಬಲ ಬೀಳುತ್ತದೆ.

ನನಗೆ ನಿಜವಾಗಿ ಇಷ್ಟವಾಗಿರುವುದು ಬೆಲ್ಟು. ಗೇರೇ ಇಲ್ಲದೆ, ಸಣ್ಣ ಡಿಸಿ ಮೋಟರಿನ ಶಾಫ್ಟಿಗೆ ಪುಟ್ಟ ರಾಟೆ, ಅಲ್ಲಿಂದ ಬೆಲ್ಟಿನ ಹಾಗೆ ಹಾಕಿದ ರಬ್ಬರ್ ಬಳೆ (ಓ-ರಿಂಗ್) ಮೂಲಕ ದೊಡ್ಡ ರಾಟೆ, ಮತ್ತೆ ಇನ್ನೊಂದು ಹಂತ. ಪ್ರತಿ ಹಂತಕ್ಕೆ 1:7 ಇಟ್ಟರೂ ಎರಡು ಹಂತಕ್ಕೆ 1:49 ಸಿಗುತ್ತದೆ, ಟಿಟಿ ಗೇರಿನಷ್ಟೇ. ಹಲ್ಲು ಇಲ್ಲ, ಹಾಗಾಗಿ ಹಲ್ಲಿನ ಸದ್ದೂ ಇಲ್ಲ. ಮೋಟರಿನ ನಡುಕವೂ ರಬ್ಬರಿನಲ್ಲೇ ಸೋರಿಹೋಗುತ್ತದೆ. ಇದಕ್ಕಿಂತ ದೊಡ್ಡ ಲಾಭ ಅಂದರೆ ಬೆಕ್ಕು ಗರಿಯನ್ನು ಗಟ್ಟಿಯಾಗಿ ಹಿಡಿದಾಗ ಬೆಲ್ಟು ಜಾರುತ್ತದೆ. ಮೋಟರ್ ಸಿಕ್ಕಿಹಾಕಿಕೊಂಡು ಬಿಸಿಯಾಗುವುದಿಲ್ಲ, ಬೆಕ್ಕಿನ ಪಂಜಕ್ಕೂ ಹಲ್ಲಿಗೂ ಜಗ್ಗಾಟ ಇರುವುದಿಲ್ಲ. ಓ-ರಿಂಗ್ ಡಬ್ಬದ ಒಳಗೆ ಭದ್ರವಾಗಿ ಮುಚ್ಚಿರಬೇಕು. ರಬ್ಬರ್ ರಿಂಗು, ದಾರ, ರಿಬ್ಬನ್ ಇಂಥವನ್ನು ಬೆಕ್ಕು ನುಂಗಿದರೆ ಕರುಳಿಗೆ ಅಪಾಯ. ಇದೇ ಕಾರಣಕ್ಕೆ ಗರಿಯನ್ನೂ ದಾರದಿಂದ ಕಟ್ಟದೆ, ತಂತಿಯ ತುದಿ ಮಡಚಿ ಅದರೊಳಗೆ ಸಿಕ್ಕಿಸಿದ್ದೇನೆ. ಆಟ ಮುಗಿದ ಮೇಲೆ ಡಬ್ಬ ಕಪಾಟಿಗೆ ಹೋಗುತ್ತದೆ, ಬೆಕ್ಕನ್ನು ಅದರ ಜೊತೆ ಒಂಟಿಯಾಗಿ ಬಿಡುವುದಿಲ್ಲ.

ಈಗಿನ ಸ್ಥಿತಿ

ಬಟ್ಟೆ ಹೊದಿಸಿ ಓಡಿಸಿದರೆ ಮೋಟರಿಗಿಂತ ಗರಿಯ ಸರಪರವೇ ಮುಂದೆ ಕೇಳುತ್ತದೆ. ಕೆಂಚನ ಕಿವಿಗಳು ಹಿಂದಕ್ಕೆ ಮಡಚುತ್ತಿಲ್ಲ. ಗರಿ ಎತ್ತ ಹೋದರೆ ಅತ್ತ ತಿರುಗುತ್ತವೆ. ಮೋಟರಿನ ಕಡೆ ತಿರುಗುತ್ತಿಲ್ಲ ಅನ್ನುವುದೇ ನನಗೆ ಬೇಕಿದ್ದ ಅಳತೆ.

ಒಂದು ಸದ್ದು ಉಳಿದಿದೆ. ದಿಕ್ಕು ಬದಲಾಗುವಾಗ ಗೇರುಗಳ ನಡುವಿನ ಸಡಿಲು ಒಮ್ಮೆಲೇ ತುಂಬಿಕೊಂಡು ಟಕ್ ಅನ್ನುತ್ತದೆ. ಮೋಟರ್ ಪೂರ್ತಿ ನಿಂತ ಮೇಲೆಯೇ ಹಿಂದಕ್ಕೆ ತಿರುಗಲಿ ಅಂತ ನಡುವೆ ಅರ್ಧ ಸೆಕೆಂಡ್ ಬಿಡುವು ಕೊಟ್ಟೆ, ಟಕ್ ಸಣ್ಣದಾಯಿತು, ಪೂರ್ತಿ ಹೋಗಲಿಲ್ಲ. ಪಿಡಬ್ಲ್ಯೂಎಂ ಮತ್ತೆ ತರದೆ ಇದನ್ನು ತೆಗೆಯಲು ಮೋಟರಿನ ಜೊತೆ ಸರಣಿಯಲ್ಲಿ ಒಂದು ಸಣ್ಣ ರೆಸಿಸ್ಟರ್ ಇಟ್ಟು, ಹೊರಟ ಕೂಡಲೇ ಅದನ್ನು ರಿಲೇ ಬದಲು ಮಾಸ್‌ಫೆಟ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚಿನಿಂದ ಬೈಪಾಸ್ ಮಾಡುವುದು ಮುಂದಿನ ಕೆಲಸ. ರಿಲೇ ಬೇಡ, ಅದರ ಕ್ಲಿಕ್ ಸದ್ದೇ ಬೇರೆ ತಲೆನೋವು. ಅದಕ್ಕೂ ಬಗ್ಗದಿದ್ದರೆ ಬೆಲ್ಟಿನ ರಾಟೆಗಳನ್ನು ಕೊರೆಯಲು ಕೂರುತ್ತೇನೆ.